ಸಂಕಮ್ಮನ ಬಲಗೈಯೂ ಸುಳ್ಳುಪತ್ತೆಯ ಯಂತ್ರವೂ

೧

ಮಲೆಯ ಮಾದೇಶ್ವರನ ಬೆಟ್ಟವು ಇಂದು ಹನೂರು ತಾಲ್ಲೂಕಿಗೆ ಸೇರಿದೆ. ಹಿಂದೆ ಅದು ಕೊಳ್ಳೇಗಾಲದ ತಾಲ್ಲೂಕಿನಲ್ಲಿತ್ತು. ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಆ ತಾಲ್ಲೂಕೇ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತ್ತು. ಆಡಳಿತದ ಎಲ್ಲೆಗಳು ಹೀಗೆ ಸರಿದಾಡಿದರೂ ಬೆಟ್ಟದ ಹಾಡು ಮಾತ್ರ ತನ್ನ ನೆಲೆಯನ್ನು ಬಿಟ್ಟು ಕದಲಲಿಲ್ಲ. ಕಂಸಾಳೆಯನ್ನು ಹಿಡಿದ ದೇವರಗುಡ್ಡರು ಇರುಳೆಲ್ಲ ಹಾಡುವ ಮಾದೇಶ್ವರನ ಕಥೆಯು ಹಲವು ಸಾಲುಗಳಾಗಿ ಹರಡಿಕೊಂಡಿದೆ. ಪಿ. ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದ ಮೇಲೆ, ಹಾಡನ್ನು ಕೇಳುವ ಅವಕಾಶವಿಲ್ಲದವರಿಗೂ ಓದುವ ಅನುಕೂಲವು ಒದಗಿತು. ಆ ಸಾಲುಗಳಲ್ಲಿ ಕೇಳುವವರ ಮನಸ್ಸನ್ನು ಬಹುವಾಗಿ ಕಲಕುವುದು ಸಂಕಮ್ಮನ ಸಾಲು.

ಕಥೆಯು ಬಲ್ಲವರಿಗೆ ಹೊಸದಲ್ಲ. ಸಂಕಮ್ಮನ ಗಂಡನಾದ ನೀಲೇಗೌಡನು ಜೇನು ಕೊಯ್ಯಲು ಕಾಡಿಗೆ ಹೊರಡಬೇಕಾಗಿದೆ. ಮಕ್ಕಳಿಲ್ಲದ ಮನೆಯಲ್ಲಿ ಚೆಲುವೆಯಾದ ಹೆಂಡತಿಯೊಬ್ಬಳನ್ನೇ ಬಿಟ್ಟುಹೋಗುವುದಕ್ಕೆ ಅವನ ಮನಸ್ಸು ಒಪ್ಪುವುದಿಲ್ಲ. ತಾನು ಹಿಂದಿರುಗುವವರೆಗೆ ಶೀಲವಂತಳಾಗಿರುವೆನೆಂದು ಬಲಗೈ ಭಾಷೆಯನ್ನು ಕೊಡಬೇಕೆಂದು ಅವಳನ್ನು ನಿರ್ಬಂಧಿಸುತ್ತಾನೆ. ಸಂಕಮ್ಮನು ಕೊಡುವುದಿಲ್ಲ. ಅದುವರೆಗೂ ಅವಳಲ್ಲಿ ಯಾವ ತಪ್ಪನ್ನೂ ಕಾಣದಿದ್ದವನು ಆ ಒಂದು ನಿರಾಕರಣೆಯನ್ನೇ ತಪ್ಪೆಂದು ಎಣಿಸಿ ಅವಳನ್ನು ಕ್ರೂರವಾಗಿ ಹಿಂಸಿಸಿ ಹೊರಟುಹೋಗುತ್ತಾನೆ. ಅನಂತರ ಮಾದೇಶ್ವರನು ಬಂದು ಅವಳನ್ನು ಬಿಡಿಸುವುದೂ, ಅವನ ವರದಿಂದ ಕಾರಯ್ಯ ಬಿಲ್ಲಯ್ಯರು ಹುಟ್ಟುವುದೂ ಕಥೆಯ ಮುಂದಿನ ಭಾಗ. ಹಾಡುವವರಿಂದ ಹಾಡುವವರಿಗೆ ವಿವರಗಳು ಬೇರೆಯಾದರೂ ಈ ತಿರುಳು ಒಂದೇ.

ಇಲ್ಲಿ ಕೇಳುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಳಂಕವಿಲ್ಲದವಳು ಭಾಷೆಯನ್ನು ಕೊಟ್ಟುಬಿಡಲು ಏಕೆ ಹಿಂಜರಿಯಬೇಕು? ಕೈಮೇಲೆ ಕೈಯಿಟ್ಟಿದ್ದರೆ ಅಷ್ಟು ನೋವೂ ತಪ್ಪುತ್ತಿತ್ತಲ್ಲವೆ? ಈ ಪ್ರಶ್ನೆಯನ್ನು ಕೇಳುವವರು ಸಂಕಮ್ಮನ ವೈರಿಗಳಲ್ಲ. ಅವಳ ಮೇಲಿನ ಮರುಕದಿಂದಲೇ ಕೇಳುವರು. ಆದರೂ ಆ ಪ್ರಶ್ನೆಯೊಳಗೆ ನೀಲೇಗೌಡನ ಮಾತೇ ಅಡಗಿದೆಯೆಂಬುದು ಅವರಿಗೆ ತೋರುವುದಿಲ್ಲ. ಇದೇ ಪ್ರಶ್ನೆಯು ಇಂದು ಬೇರೊಂದು ಉಡುಪನ್ನು ತೊಟ್ಟು ವೃತ್ತಪತ್ರಿಕೆಗಳಲ್ಲಿಯೂ ಮನೆಯ ಜಗಲಿಗಳಲ್ಲಿಯೂ ಸಂಚರಿಸುತ್ತಿದೆ. ಯಾವುದಾದರೊಂದು ಕೊಲೆಯ ಅಥವಾ ಕಳವಿನ ಮೊಕದ್ದಮೆಯಲ್ಲಿ ಆಪಾದಿತನು ಸುಳ್ಳುಪತ್ತೆ ಪರೀಕ್ಷೆಗೆ ಒಪ್ಪಲಿಲ್ಲವೆಂದು ವರದಿಯಾದೊಡನೆಯೇ, ನಿರಪರಾಧಿಯಾದವನು ಯಂತ್ರಕ್ಕೆ ಏಕೆ ಹೆದರಬೇಕೆಂದು ವಿದ್ಯಾವಂತರೇ ಕೇಳುವರು. ಸಂಕಮ್ಮನ ಸಾಲನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದಕ್ಕೂ ಈ ಯಂತ್ರದ ಬೆಲೆಯನ್ನು ಕಟ್ಟುವುದಕ್ಕೂ ಬೇಕಾದ ವಿವೇಕವು ಒಂದೇ ಆಗಿದೆ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ಪಾಲಿಗ್ರಾಫ್ ಎಂಬ ಹೆಸರಿಗೆ ಹಲವನ್ನು ಒಟ್ಟಿಗೆ ಬರೆಯುವುದು ಎಂಬಷ್ಟೇ ಅರ್ಥ. ಸುಳ್ಳನ್ನು ಹಿಡಿಯುವುದು ಎಂಬ ಅರ್ಥವು ಆ ಪದದಲ್ಲಿಲ್ಲ. ಪರೀಕ್ಷೆಗೆ ಕುಳಿತವನ ತೋಳಿಗೆ ರಕ್ತದ ಒತ್ತಡವನ್ನಳೆಯುವ ಪಟ್ಟಿಯನ್ನು ಸುತ್ತುವರು. ಎದೆಗೂ ಹೊಟ್ಟೆಗೂ ಉಸಿರಾಟದ ಏರಿಳಿತವನ್ನು ಗುರುತಿಸುವ ಕೊಳವೆಗಳನ್ನು ಕಟ್ಟುವರು. ಬೆರಳುಗಳ ಬೆವರಿನಿಂದ ಚರ್ಮದ ವಿದ್ಯುದ್ವಾಹಕತೆಯು ಹೇಗೆ ಬದಲಾಗುವುದೆಂಬುದನ್ನು ಅಳೆಯುವರು. ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ ಈ ಏರಿಳಿತಗಳು ರೇಖೆಗಳಾಗಿ ಮೂಡುವುವು. ಯಂತ್ರದ ಕೆಲಸವು ಇಲ್ಲಿಗೆ ಮುಗಿಯಿತು. ಅದು ಬರೆಯುವುದು ಎದೆಯ ಬಡಿತವನ್ನು, ಉಸಿರನ್ನು, ಬೆವರನ್ನು. ಇದು ಸುಳ್ಳು ಎಂದು ಹೇಳುವವನು ಮುಂದೆ ಕುಳಿತ ಪರೀಕ್ಷಕನೇ ಹೊರತು ಯಂತ್ರವಲ್ಲ.

ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಪ್ರಶ್ನೆಗಳು ಎರಡು ಬಗೆಯವು. ಆ ಹಣವನ್ನು ನೀನು ತೆಗೆದೆಯೋ ಎಂಬುದು ಮೊಕದ್ದಮೆಗೆ ಸಂಬಂಧಪಟ್ಟ ಪ್ರಶ್ನೆ. ಹಿಂದೆ ಎಂದಾದರೂ ನಿನ್ನದಲ್ಲದ ವಸ್ತುವನ್ನು ತೆಗೆದುಕೊಂಡಿದ್ದೆಯೋ ಎಂಬುದು ಹೋಲಿಕೆಯ ಪ್ರಶ್ನೆ. ತಪ್ಪಿತಸ್ಥನು ಮೊದಲನೆಯ ಪ್ರಶ್ನೆಗೆ ಹೆಚ್ಚಾಗಿ ಅಳುಕುವನೆಂದೂ, ನಿರಪರಾಧಿಯು ಎರಡನೆಯದಕ್ಕೆ ಹೆಚ್ಚಾಗಿ ಅಳುಕುವನೆಂದೂ ಈ ಪದ್ಧತಿಯ ಎಣಿಕೆ. ಕೊಲೆಯ ಆಪಾದನೆಯನ್ನು ಹೊತ್ತು ಕುಳಿತ ನಿರಪರಾಧಿಗೆ ಎಳೆತನದಲ್ಲಿ ಕದ್ದ ಮಾವಿನಕಾಯಿಯ ಮಾತೇ ಕೊಲೆಯ ಮಾತಿಗಿಂತ ಹೆಚ್ಚು ಕಳವಳವನ್ನುಂಟುಮಾಡುವುದೆಂದು ನಂಬಿದರೆ ಮಾತ್ರ ಈ ಎಣಿಕೆಯು ನಿಲ್ಲುವುದು.

ದೇಹದ ವಿಕಾರದಿಂದ ಕಳ್ಳನನ್ನು ಹಿಡಿಯಬಹುದೆಂಬ ಯೋಚನೆಯು ಹೊಸದಲ್ಲ. ರಾಬಿನ್ಸನ್ ಕ್ರೂಸೋ ಕಥೆಯನ್ನು ಬರೆದ ಡೇನಿಯಲ್ ಡೀಫೋ ೧೭೩೦ರಲ್ಲಿಯೇ ಶಂಕಿತನ ನಾಡಿಯನ್ನು ಹಿಡಿದು ನೋಡಬೇಕೆಂದು ಸೂಚಿಸಿದ್ದನು. ಅಮೆರಿಕದ ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞನು ೧೯೧೭ರಲ್ಲಿ ರಕ್ತದ ಒತ್ತಡದಿಂದ ಸುಳ್ಳನ್ನು ಕಂಡುಹಿಡಿಯುವೆನೆಂದು ಪ್ರತಿಪಾದಿಸಿದನು. ೧೯೨೧ರಲ್ಲಿ ಬರ್ಕ್ಲಿ ನಗರದ ಪೊಲೀಸು ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಒತ್ತಡವನ್ನೂ ಉಸಿರನ್ನೂ ಒಟ್ಟಿಗೆ ಬರೆಯುವ ಯಂತ್ರವನ್ನು ಸಿದ್ಧಪಡಿಸಿದನು. ಮಾರ್ಸ್ಟನ್ನನ ವಿಷಯದಲ್ಲಿ ಸಾಹಿತ್ಯಪ್ರಿಯರು ನೆನೆಯತಕ್ಕ ಸಂಗತಿಯೊಂದುಂಟು. ೧೯೪೧ರಲ್ಲಿ ವಂಡರ್ ವುಮನ್ ಎಂಬ ಚಿತ್ರಕಥೆಯ ನಾಯಿಕೆಯನ್ನು ಸೃಷ್ಟಿಸಿದವನೂ ಅವನೇ. ಆಕೆಯ ಕೈಯ ಹಗ್ಗಕ್ಕೆ ಸಿಕ್ಕಿದವರು ಆಕೆಯ ಅಪ್ಪಣೆಯನ್ನು ಮೀರಲಾರರು. ಕಾಲಕ್ರಮದಲ್ಲಿ ಅದು ನಿಜವನ್ನೇ ನುಡಿಸುವ ಹಗ್ಗವೆಂದು ಪ್ರಸಿದ್ಧವಾಯಿತು. ಆ ಹಗ್ಗಕ್ಕೆ ಕಥೆಯು ತಕ್ಕ ಸ್ಥಳ. ತೋಳಿನ ಪಟ್ಟಿಯು ಅದೇ ಹಗ್ಗವೆಂದು ನಂಬಿಸುವುದಕ್ಕೆ ಪ್ರಮಾಣವು ಬೇಕು.

೩

ಪಾಠಶಾಲೆಯಲ್ಲಿ ತರ್ಕಸಂಗ್ರಹದ ಮೊದಲ ಪಾಠಗಳನ್ನು ಓದಿದವರಿಗೆ ಈ ಪ್ರಮಾಣದ ಕೊರತೆಯು ಎಲ್ಲಿದೆಯೆಂದು ಹೊಳೆಯದಿರದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಸರಿಯಾದ ಅನುಮಾನ. ಏಕೆಂದರೆ ಬೆಂಕಿಯಿಲ್ಲದೆಡೆಯಲ್ಲಿ ಹೊಗೆಯಿರುವುದಿಲ್ಲ. ಬೆಂಕಿಯನ್ನು ಕಂಡು ಹೊಗೆಯುಂಟೆಂದು ಊಹಿಸಿದರೆ ಅದು ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಸೌದೆಯು ಬೇಕು. ಆ ಹಸಿಸೌದೆಯೇ ಶಾಸ್ತ್ರವು ಹೇಳುವ ಉಪಾಧಿ.

ಯಂತ್ರದ ಅನುಮಾನವನ್ನು ಈ ಕ್ರಮದಲ್ಲಿಟ್ಟು ನೋಡಬೇಕು. ಇವನು ಸುಳ್ಳು ಹೇಳುತ್ತಿದ್ದಾನೆ, ಏಕೆಂದರೆ ಇವನ ಎದೆ ಬಡಿದುಕೊಳ್ಳುತ್ತಿದೆ ಎಂಬುದು ಅದರ ರೂಪ. ಎದೆಯ ಬಡಿತವಿರುವೆಡೆಯಲ್ಲೆಲ್ಲ ಸುಳ್ಳು ಇರುವುದೆಂಬ ವ್ಯಾಪ್ತಿಯು ಸಿದ್ಧವಾದರೆ ಮಾತ್ರ ಈ ಹೇತುವು ಸದ್ಧೇತು. ಆದರೆ ಭಯದಿಂದಲೂ ಎದೆ ಬಡಿಯುವುದು. ಅವಮಾನದಿಂದಲೂ, ಕೋಪದಿಂದಲೂ, ಸತ್ತವನ ಮೇಲಿನ ಶೋಕದಿಂದಲೂ ಬಡಿಯುವುದು. ಸತ್ಯವನ್ನೇ ನುಡಿದರೂ ನಂಬುವವರಿಲ್ಲವೆಂಬ ದಿಗಿಲಿನಿಂದಂತೂ ಇನ್ನೂ ಹೆಚ್ಚಾಗಿ ಬಡಿಯುವುದು. ಇತ್ತ ಸುಳ್ಳನ್ನೇ ನಿತ್ಯದ ವೃತ್ತಿಯಾಗಿ ಮಾಡಿಕೊಂಡವನ ಎದೆಯು ಕದಲದೆಯೂ ಇರಬಹುದು. ಹೇತುವು ಸಾಧ್ಯವನ್ನು ಬಿಟ್ಟು ಎರಡು ಕಡೆಗೂ ಓಡಾಡುವುದರಿಂದ ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಸುಳ್ಳಿಗೇ ಮೀಸಲಾದ ದೇಹವಿಕಾರವೊಂದನ್ನು ಶರೀರಶಾಸ್ತ್ರಜ್ಞರು ಇದುವರೆಗೆ ತೋರಿಸಿಕೊಟ್ಟಿಲ್ಲ. ಕೊಳ್ಳೇಗಾಲದ ರೇಷ್ಮೆಯ ಅಂಗಡಿಗಳಲ್ಲಿ ಜರಿಯ ಬೆಲೆಯನ್ನು ಕೇಳುವವರು ಒರೆಗಲ್ಲಿನ ಮಾತನ್ನು ಬಲ್ಲರು. ಒರೆಗಲ್ಲು ಚಿನ್ನವನ್ನು ತಿಳಿಸುವುದು ಚಿನ್ನದ ಗೆರೆಯು ಹಿತ್ತಾಳೆಯ ಗೆರೆಯಂತೆ ಇರದ ಕಾರಣ. ಚಿನ್ನಕ್ಕೂ ಹಿತ್ತಾಳೆಗೂ ಒಂದೇ ಗೆರೆ ಬೀಳುವ ಕಲ್ಲನ್ನು ಯಾವ ಅಕ್ಕಸಾಲಿಯೂ ಕೈಗೆತ್ತಿಕೊಳ್ಳನು.

ಈ ದೋಷವನ್ನು ಕನ್ನಡ ನಾಡಿನ ಪಂಡಿತನೊಬ್ಬನು ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕಂಡಿದ್ದನೆಂಬುದು ವಿಸ್ಮಯದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದುಷ್ಟನಾದ ವಾದಿಯ ಅಥವಾ ಸಾಕ್ಷಿಯ ಲಕ್ಷಣಗಳು ಬರುತ್ತವೆ. ಅವನು ನಿಂತೆಡೆಯಲ್ಲಿ ನಿಲ್ಲನು, ಕಟವಾಯಿಯನ್ನು ನೆಕ್ಕುವನು, ಹಣೆಯು ಬೆವರುವುದು, ಮುಖದ ಬಣ್ಣವು ಕೆಡುವುದು, ಬಾಯೊಣಗಿ ಮಾತು ತೊದಲುವುದು. ಬೆವರನ್ನೂ ಉಸಿರನ್ನೂ ಅಳೆಯುವ ಇಂದಿನ ಪಟ್ಟಿಗೂ ಈ ಪಟ್ಟಿಗೂ ಅಂತರವು ಬಹಳವಿಲ್ಲ. ಹೊರಗಿನ ಚಿಹ್ನೆಗಳಿಂದ ಒಳಗಿನ ಮನಸ್ಸನ್ನು ಅರಿಯಬೇಕೆಂದು ಮನುಸ್ಮೃತಿಯೂ ನ್ಯಾಯಾಧೀಶನಿಗೆ ಹೇಳಿದೆ.

ವಿಜ್ಞಾನೇಶ್ವರನ ಹಿರಿಮೆಯು ಈ ಪಟ್ಟಿಯನ್ನು ವಿವರಿಸುವುದರಲ್ಲಿ ಇಲ್ಲ. ಅದಕ್ಕೆ ಎಲ್ಲೆಯನ್ನು ಕಟ್ಟುವುದರಲ್ಲಿದೆ. ಭಯವೇ ಮೊದಲಾದ ಕಾರಣಗಳಿಂದ ಹುಟ್ಟಿದ ವಿಕಾರವನ್ನು ಅವನು ಮೊದಲೇ ಬೇರ್ಪಡಿಸುವನು. ಉಳಿದ ವಿಕಾರವೂ ದೋಷವಿರಬಹುದೆಂಬ ಸಂಭಾವನೆಗೆ ಮಾತ್ರ ಸಾಲುವುದೆಂದೂ, ದೋಷದ ನಿಶ್ಚಯಕ್ಕೆ ಸಾಲದೆಂದೂ, ಸ್ವಭಾವದಿಂದ ಬಂದದ್ದು ಯಾವುದು, ನಿಮಿತ್ತದಿಂದ ಬಂದದ್ದು ಯಾವುದು ಎಂಬ ವಿವೇಕವು ದುಸ್ಸಾಧ್ಯವೆಂದೂ ತಿಳಿಸುವನು. ಅಲ್ಲಿಗೂ ನಿಲ್ಲದೆ, ಬಹು ನಿಪುಣನಾದವನೊಬ್ಬನು ಆ ಭೇದವನ್ನು ಕಂಡುಕೊಂಡನೆಂದೇ ಇಟ್ಟುಕೊಂಡರೂ ಅದರ ಮೇಲೆ ಸೋಲಿನ ತೀರ್ಪನ್ನು ಕೊಡಲಾಗದೆಂದು ಹೇಳಿ ಒಂದು ದೃಷ್ಟಾಂತವನ್ನೂ ಕೊಡುವನು. ಸಾಯುವ ಲಕ್ಷಣಗಳು ತೋರಿದುವೆಂಬ ಮಾತ್ರಕ್ಕೆ ಬದುಕಿರುವವನಿಗೆ ಯಾರೂ ಉತ್ತರಕ್ರಿಯೆಯನ್ನು ಮಾಡುವುದಿಲ್ಲವಂತೆ! ಪರೀಕ್ಷಕನ ಅನುಭವವನ್ನೂ ನೈಪುಣ್ಯವನ್ನೂ ಮುಂದಿಟ್ಟು ಯಂತ್ರದ ಪಕ್ಷವನ್ನು ವಹಿಸುವವರಿಗೆ ಇದಕ್ಕಿಂತ ಚೊಕ್ಕವಾದ ಉತ್ತರವನ್ನು ಇಂದಿನವರೂ ಕೊಟ್ಟಿಲ್ಲ.

ಹಳೆಯ ಕಾಲದವರು ಎಲ್ಲೆಡೆಯೂ ಇಷ್ಟು ಎಚ್ಚರದಿಂದಿದ್ದರೆಂದು ಹೇಳಲಾಗದು. ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳ ವಿಧಾನವು ಅದೇ ಸ್ಮೃತಿಯಲ್ಲಿದೆ. ಕಳವಿನ ಶಂಕೆಯಲ್ಲಿ ಅಕ್ಕಿಯನ್ನು ಅಗಿಯಿಸುವ ತಂಡುಲ ದಿವ್ಯವೂ ಧರ್ಮಶಾಸ್ತ್ರದಲ್ಲಿದೆ. ಉಗುಳಿದ ಅಕ್ಕಿಯಲ್ಲಿ ರಕ್ತವು ಕಂಡರೆ, ಮೈ ನಡುಗಿದರೆ, ಅಗಿದವನು ಅಶುದ್ಧನೆಂದು ನಿರ್ಣಯಿಸುತ್ತಿದ್ದರು. ಭಯದಲ್ಲಿ ಬಾಯೊಣಗುವುದು ದೇಹದ ಧರ್ಮ. ಒಣಗಿದ ಬಾಯಿ ಅಕ್ಕಿಯಿಂದ ಗಾಯವಾಗುವುದೂ ಸಹಜ. ಒಣಗಿದ ಬಾಯಿ ಕಳ್ಳನದೋ, ಕಳ್ಳನೆನಿಸಿಕೊಳ್ಳುವೆನೆಂದು ಹೆದರಿದ ಬಡಪಾಯಿಯದೋ ಎಂಬುದನ್ನು ಅಕ್ಕಿಯು ಹೇಳಲಾರದು. ಅಕ್ಕಿಯ ಎಡೆಯಲ್ಲಿ ವಿದ್ಯುತ್ತಿನ ತಂತಿಯು ಬಂದಿದೆಯಾದರೂ ಹಳೆಯ ದೋಷವು ಹಾಗೆಯೇ ಉಳಿದಿದೆ. ಆದರೂ ದಿವ್ಯಗಳ ವಿಷಯದಲ್ಲಿ ಶಾಸ್ತ್ರಕಾರರು ಒಂದು ಮಿತಿಯನ್ನಿಟ್ಟಿದ್ದರು: ಬರೆಹ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ದೊರೆಯುವಲ್ಲಿ ದಿವ್ಯಕ್ಕೆ ಕೈಹಾಕಬಾರದು.

ಪಶ್ಚಿಮದ ಸಾಹಿತ್ಯದಲ್ಲಿ ಈ ದೋಷಕ್ಕೆ ಹೆಸರನ್ನೇ ಕೊಟ್ಟಿರುವುದು ಷೇಕ್ಸ್‌ಪಿಯರನ ಒಂದು ನಾಟಕ. ಒಥೆಲೊ ತನ್ನ ಹೆಂಡತಿ ಡೆಸ್ಡಿಮೋನಳನ್ನು ಶಂಕಿಸಿ, ಅವಳ ಪ್ರಿಯನೆಂದು ತಾನು ತಪ್ಪಾಗಿ ತಿಳಿದ ಕ್ಯಾಸಿಯೋ ಸತ್ತನೆಂದು ಅವಳಿಗೆ ಹೇಳುತ್ತಾನೆ. ತನ್ನ ನಿರಪರಾಧವನ್ನು ಹೇಳಬಲ್ಲ ಒಬ್ಬ ಸಾಕ್ಷಿಯೂ ಹೋದನೆಂದು ಆಕೆ ಕಂಗೆಟ್ಟು ಅಳುತ್ತಾಳೆ. ಆ ಅಳುವನ್ನೇ ಅಪರಾಧದ ಗುರುತೆಂದು ಬಗೆದು ಅವನು ಅವಳನ್ನು ಕೊಲ್ಲುತ್ತಾನೆ. ಕಣ್ಣೀರು ನಿಜವಾದುದೇ, ನಡುಕವೂ ನಿಜವಾದುದೇ. ಅವುಗಳ ಕಾರಣವನ್ನು ಓದಿದ ರೀತಿಯೊಂದೇ ಸುಳ್ಳು. ನಿರಪರಾಧಿಯ ಕಳವಳವನ್ನು ಸುಳ್ಳಿನ ಚಿಹ್ನೆಯೆಂದು ತಿಳಿಯುವುದಕ್ಕೆ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ೧೯೮೫ರಲ್ಲಿ ಒಥೆಲೊವಿನ ತಪ್ಪು ಎಂದೇ ಹೆಸರಿಟ್ಟನು. ಕನ್ನಡಿಗರು ಅದನ್ನು ನೀಲೇಗೌಡನ ತಪ್ಪು ಎಂದರೂ ಸಲ್ಲುವುದು. ಒಥೆಲೊ ಅಳುವನ್ನು ಓದಿದನು; ನೀಲೇಗೌಡನು ನಿರಾಕರಣೆಯನ್ನು ಓದಿದನು. ಇಬ್ಬರೂ ತಾವೇ ಹುಟ್ಟಿಸಿದ ಚಿಹ್ನೆಯನ್ನು ಎದುರಿನವಳ ಅಪರಾಧವೆಂದು ಎಣಿಸಿದರು.

೪

ತರ್ಕದಿಂದ ತಿಳಿದುದನ್ನು ಅನುಭವದಿಂದಲೂ ಪರೀಕ್ಷಿಸಬೇಕಷ್ಟೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಈ ವಿಷಯದ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ೨೦೦೩ರಲ್ಲಿ ಒಂದು ದೊಡ್ಡ ವರದಿಯನ್ನು ಪ್ರಕಟಿಸಿತು. ಮಂಡಲಿಯು ಯಂತ್ರದ ವಿಷಯದಲ್ಲಿ ಅನ್ಯಾಯವನ್ನು ಮಾಡಲಿಲ್ಲ. ತಪ್ಪಿಸಿಕೊಳ್ಳುವ ಉಪಾಯಗಳನ್ನು ಕಲಿಯದವರನ್ನು ಒಂದು ನಿರ್ದಿಷ್ಟ ಘಟನೆಯ ವಿಷಯದಲ್ಲಿ ಪ್ರಶ್ನಿಸಿದಾಗ, ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಪರೀಕ್ಷೆಯು ಎಷ್ಟೋ ಮೇಲೆಂದೂ, ಆದರೆ ಪರಿಪೂರ್ಣತೆಗೆ ಎಷ್ಟೋ ಕೆಳಗೆಂದೂ ಹೇಳಿತು. ಸುಮಾರು ಒಂದು ಶತಮಾನದ ಸಂಶೋಧನೆಯ ಮೇಲೂ ಈ ಪರೀಕ್ಷೆಯಿಂದ ಅತ್ಯಂತ ಹೆಚ್ಚಿನ ನಿಷ್ಕೃಷ್ಟತೆಯನ್ನು ನಿರೀಕ್ಷಿಸಲು ಆಧಾರವಿಲ್ಲವೆಂಬುದು ಅದರ ನಿರ್ಣಯ.

ವರದಿಯ ಒಂದು ಲೆಕ್ಕವು ಎಲ್ಲರೂ ಗಮನಿಸತಕ್ಕದ್ದು. ೧೦,೦೦೦ ನೌಕರರಲ್ಲಿ ೧೦ ಮಂದಿ ಗೂಢಚಾರರಿರುವರೆಂದು ಭಾವಿಸಲಿ. ಗೂಢಚಾರರಲ್ಲಿ ನೂರಕ್ಕೆ ೮೦ ಮಂದಿ ಸಿಕ್ಕಿಬೀಳುವಂತೆ, ಯಂತ್ರಕ್ಕೆ ಅನುಕೂಲವಾದ ಊಹೆಯನ್ನೇ ಮಾಡಿಕೊಂಡು ಪರೀಕ್ಷೆಯನ್ನು ನಡೆಸಿದರೆ, ಒಟ್ಟು ೧,೬೦೬ ಮಂದಿ ಪರೀಕ್ಷೆಯಲ್ಲಿ ಸೋಲುವರು. ಅವರಲ್ಲಿ ಗೂಢಚಾರರು ೮ ಮಂದಿ. ಉಳಿದ ೧,೫೯೮ ಮಂದಿ ನಿಷ್ಠಾವಂತರು. ಇಬ್ಬರು ಗೂಢಚಾರರಂತೂ ತೇರ್ಗಡೆಯಾಗಿ ಮನೆಗೆ ಹೋಗುವರು.

ದೂರದ ಲೆಕ್ಕವು ಮನಸ್ಸಿಗೆ ಹತ್ತದಿದ್ದರೆ ಹತ್ತಿರದ್ದೊಂದನ್ನು ಕಲ್ಪಿಸಿಕೊಳ್ಳಬಹುದು. ಕೊಳ್ಳೇಗಾಲದ ಒಂದು ನೇಯ್ಗೆಯ ಕಾರ್ಖಾನೆಯಲ್ಲಿ ೧೦೦ ಮಂದಿ ಕೆಲಸಗಾರರು, ರೇಷ್ಮೆಯ ಹುರಿಯೊಂದು ಕಳವಾಗಿದೆ, ಕಳ್ಳನು ಒಬ್ಬನೇ. ಪರೀಕ್ಷೆಯು ನೂರಕ್ಕೆ ೯೦ ಸಲ ಸರಿಯೆಂದೇ ಒಪ್ಪಿಕೊಳ್ಳಲಿ. ಉಳಿದ ೯೯ ಮಂದಿ ನಿರಪರಾಧಿಗಳಲ್ಲಿ ಸುಮಾರು ೧೦ ಮಂದಿಯನ್ನು ಅದು ಕಳ್ಳರೆನ್ನುವುದು. ನಿಜವಾದ ಕಳ್ಳನೂ ಸಿಕ್ಕಿದನೆಂದರೆ, ಬೆರಳು ತೋರಿಸಿದ ಹನ್ನೊಂದು ಮಂದಿಯಲ್ಲಿ ಕಳ್ಳನು ಒಬ್ಬ, ನಿರ್ದೋಷಿಗಳು ಹತ್ತು ಮಂದಿ. ನೂರಕ್ಕೆ ತೊಂಬತ್ತು ಸರಿ ಎಂಬ ಮಾತು ಕಿವಿಗೆ ಇಂಪಾದುದು. ಆ ಹತ್ತು ಮನೆಗಳಲ್ಲಿ ಅಂದಿನ ರಾತ್ರಿ ಒಲೆ ಉರಿಯುವುದಿಲ್ಲವೆಂಬುದು ಆ ಮಾತಿನಲ್ಲಿ ಕೇಳಿಸುವುದಿಲ್ಲ.

ತಪ್ಪಿತಸ್ಥರು ತಪ್ಪಿಸಿಕೊಂಡ ಉದಾಹರಣೆಗಳೂ ಪ್ರಸಿದ್ಧವಾಗಿವೆ. ಅಮೆರಿಕದ ಗುಪ್ತಚರ ಇಲಾಖೆಯ ಆಲ್ಡ್ರಿಚ್ ಏಮ್ಸ್ ೧೯೮೫ರಿಂದ ಸೋವಿಯತ್ ದೇಶಕ್ಕೆ ರಹಸ್ಯಗಳನ್ನು ಮಾರುತ್ತಿದ್ದನು. ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಯಂತ್ರದ ಮುಂದೆ ಕುಳಿತು ಎರಡು ಸಲವೂ ತೇರ್ಗಡೆಯಾದನು. ೧೯೯೪ರಲ್ಲಿ ಅವನು ಸೆರೆಸಿಕ್ಕಿದ್ದು ಯಂತ್ರದಿಂದಲ್ಲ. ಅವನ ಸಂಪಾದನೆಗೆ ಮೀರಿದ ಹಣವೂ, ಅದರ ಜಾಡನ್ನು ಹಿಡಿದ ತನಿಖೆಯೂ ಅವನನ್ನು ಹಿಡಿದುಕೊಟ್ಟವು. ಹೋಲಿಕೆಯ ಪ್ರಶ್ನೆಯ ಹೊತ್ತಿಗೆ ಸರಿಯಾಗಿ ನಾಲಗೆಯನ್ನು ಕಚ್ಚಿಕೊಳ್ಳುವುದರಿಂದಲೂ, ಕಾಲ್ಬೆರಳನ್ನು ನೆಲಕ್ಕೆ ಒತ್ತುವುದರಿಂದಲೂ, ಮನಸ್ಸಿನಲ್ಲಿ ಕಠಿನವಾದ ಲೆಕ್ಕವನ್ನು ಮಾಡುವುದರಿಂದಲೂ ರೇಖೆಗಳನ್ನು ಬದಲಿಸಬಹುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಇಂತಹ ಉಪಾಯಗಳನ್ನು ಕಲಿಯುವವನು ಕಪಟಿಯೇ ಹೊರತು ಮುಗ್ಧನಲ್ಲ. ಹೀಗಾಗಿ ಮುಗ್ಧನನ್ನು ಕಚ್ಚಿ ಕಪಟಿಯನ್ನು ಬಿಡುವ ಸ್ವಭಾವವು ಈ ಪರೀಕ್ಷೆಗೆ ಅಂಟಿಕೊಂಡಿದೆ.

ಯಂತ್ರದ ಪರವಾಗಿ ಹೇಳುವ ಒಂದು ಮಾತಿಗೆ ಇಲ್ಲಿ ಉತ್ತರವು ಬೇಕು. ಯಂತ್ರವು ತಪ್ಪು ಮಾಡಿದರೂ ಅದರ ಹೆದರಿಕೆಯಿಂದ ಎಷ್ಟೋ ಕಳ್ಳರು ನಿಜವನ್ನು ಒಪ್ಪಿಕೊಳ್ಳುವರಲ್ಲ, ಅದು ಪ್ರಯೋಜನವಲ್ಲವೆ ಎಂದು ಕೆಲವರು ಕೇಳುವರು. ಪ್ರಯೋಜನವಿರಬಹುದು, ಆದರೆ ಅದು ಯಂತ್ರದ ಗುಣವಲ್ಲ, ಯಂತ್ರದ ಮೇಲಿನ ನಂಬಿಕೆಯ ಗುಣ. ಬೀರಬಲ್ಲನ ಕೋಲಿನ ಕಥೆಯನ್ನು ಮಕ್ಕಳೆಲ್ಲರೂ ಕೇಳಿರುವರು. ಕಳ್ಳನ ಕೋಲು ರಾತ್ರಿಯಲ್ಲಿ ಒಂದಂಗುಲ ಬೆಳೆಯುವುದೆಂದು ನಂಬಿದ ಕಳ್ಳನು ತನ್ನ ಕೋಲನ್ನು ಒಂದಂಗುಲ ಕತ್ತರಿಸಿಕೊಂಡು ಸಿಕ್ಕಿಬಿದ್ದನು. ಅಲ್ಲಿ ಅವನನ್ನು ಹಿಡಿದುಕೊಟ್ಟುದು ಅವನು ಮಾಡಿದ ಕೃತ್ಯ: ಗಿಡ್ಡವಾದ ಕೋಲು ಎಲ್ಲರ ಕಣ್ಣಿಗೂ ಕಾಣುವ ಸಾಕ್ಷಿಯಾಗಿತ್ತು. ಕೋಲನ್ನು ಹಿಡಿದ ನಿರಪರಾಧಿಯ ಕೈ ನಡುಗಿದ್ದರೂ ಅವನ ಕೋಲು ಗಿಡ್ಡವಾಗುತ್ತಿರಲಿಲ್ಲ. ಹೆದರಿಕೆಯಿಂದ ಬರುವ ಒಪ್ಪಿಗೆಗೆ ಈ ರಕ್ಷೆಯಿಲ್ಲ. ನೀನು ಸುಳ್ಳುಗಾರನೆಂದು ಯಂತ್ರವೇ ಹೇಳಿಬಿಟ್ಟಿದೆ ಎಂದು ಗದರಿಸಿದಾಗ, ದಿಕ್ಕು ತೋರದ ನಿರಪರಾಧಿಯೂ ಮಾಡದ ತಪ್ಪನ್ನು ಒಪ್ಪಿಕೊಳ್ಳುವುದುಂಟು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಡೇವಿಡ್ ಲಿಕ್ಕನ್ ಎಂಬ ವಿದ್ವಾಂಸನು ೧೯೫೯ರಲ್ಲಿ ಬೇರೊಂದು ಕ್ರಮವನ್ನು ತೋರಿಸಿಕೊಟ್ಟನು. ಅದರಲ್ಲಿ ಸುಳ್ಳಿನ ಗೊಡವೆಯಿಲ್ಲ. ಅಪರಾಧಿಗೆ ಮಾತ್ರ ಗೊತ್ತಿರಬಹುದಾದ ವಿವರವನ್ನು ಬೇರೆ ವಿವರಗಳ ನಡುವೆ ಸೇರಿಸಿ ಹೇಳಿ, ಅದನ್ನು ಅವನು ಗುರುತಿಸುವನೋ ಇಲ್ಲವೋ ಎಂದು ನೋಡುವುದು. ಇದಕ್ಕೆ ಶಾಸ್ತ್ರದ ಆಧಾರವು ಹೆಚ್ಚು. ಜಪಾನಿನ ಪೊಲೀಸರು ಇದನ್ನು ಬಳಸುವರು. ಆದರೆ ಆ ವಿವರವು ಪತ್ರಿಕೆಗಳಲ್ಲಿಯೂ ಊರಿನ ಬಾಯಲ್ಲಿಯೂ ಮೊದಲೇ ಹರಡಿದ್ದರೆ ಈ ಕ್ರಮವೂ ನಿಷ್ಫಲ.

೫

ನ್ಯಾಯಸ್ಥಾನಗಳು ಈ ಯಂತ್ರದ ವಿಷಯದಲ್ಲಿ ಮೊದಲಿನಿಂದಲೂ ಅನುಮಾನಪಟ್ಟಿವೆ. ಮಾರ್ಸ್ಟನ್ನನ ಪರೀಕ್ಷೆಯು ವಿದ್ವಾಂಸರ ಸಾಮಾನ್ಯ ಸಮ್ಮತಿಯನ್ನು ಪಡೆದಿಲ್ಲವೆಂದು ೧೯೨೩ರಲ್ಲಿಯೇ ಫ್ರೈ ಎಂಬ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಖಾಸಗಿ ಯಜಮಾನರು ತಮ್ಮ ನೌಕರರನ್ನು ಈ ಪರೀಕ್ಷೆಗೆ ಗುರಿಮಾಡುವುದನ್ನು ೧೯೮೮ರ ಅಮೆರಿಕದ ಕಾನೂನು ಬಹುಮಟ್ಟಿಗೆ ನಿಷೇಧಿಸಿತು. ಈ ಪ್ರಮಾಣವು ವಿಶ್ವಾಸಾರ್ಹವೆಂಬ ವಿಷಯದಲ್ಲಿ ಒಮ್ಮತವಿಲ್ಲವೆಂದು ೧೯೯೮ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಹೇಳಿತು.

ಭಾರತದಲ್ಲಿ ಈ ವಿಷಯದ ದೊಡ್ಡ ತೀರ್ಪು ಕರ್ನಾಟಕದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದೊಡನೆ ಸೇರಿದ ಹಲವು ಮನವಿಗಳನ್ನು ವಿಚಾರಿಸಿದ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿ ಆರ್. ವಿ. ರವೀಂದ್ರನ್, ನ್ಯಾಯಮೂರ್ತಿ ಜೆ. ಎಂ. ಪಾಂಚಾಲ್ ಇವರ ಪೀಠವು ೨೦೧೦ರ ಮೇ ೫ರಂದು ತೀರ್ಪನ್ನಿತ್ತಿತು. ಸುಳ್ಳುಪತ್ತೆ, ಮಂಪರು ಪರೀಕ್ಷೆ, ಮಿದುಳಿನ ವಿದ್ಯುತ್ತನ್ನು ನೋಡುವ ಪರೀಕ್ಷೆ ಈ ಮೂರನ್ನೂ ಯಾರ ಮೇಲೆಯೂ ಅವರ ಇಚ್ಛೆಗೆ ವಿರುದ್ಧವಾಗಿ ನಡೆಸಕೂಡದೆಂಬುದು ಅದರ ಸಾರ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆಪಾದಿತನನ್ನೂ ನಿರ್ಬಂಧಿಸಬಾರದೆಂಬ ಸಂವಿಧಾನದ ೨೦ನೆಯ ಅನುಚ್ಛೇದದ ೩ನೆಯ ಖಂಡವನ್ನೂ, ಜೀವ ಮತ್ತು ಸ್ವಾತಂತ್ರ್ಯಗಳನ್ನು ಕಾಯುವ ೨೧ನೆಯ ಅನುಚ್ಛೇದವನ್ನೂ ಅದು ಆಧಾರವಾಗಿ ಹಿಡಿಯಿತು. ಇಚ್ಛೆಯಿಂದ ಒಪ್ಪಿದವನ ಪರೀಕ್ಷೆಯ ಫಲವೂ ತಾನೊಂದೇ ಸಾಕ್ಷ್ಯವಾಗಲಾರದು; ಅಂತಹ ಪರೀಕ್ಷೆಯ ನೆರವಿನಿಂದ ಆಮೇಲೆ ಯಾವುದಾದರೂ ವಸ್ತುವು ಅಥವಾ ಸಂಗತಿಯು ಪತ್ತೆಯಾದರೆ ಅದನ್ನು ಮಾತ್ರ ಕಾನೂನಿನ ಕ್ರಮದಲ್ಲಿ ಸ್ವೀಕರಿಸಬಹುದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರ ನೆರವು ದೊರೆಯಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೦೦ದಲ್ಲಿ ಮಾಡಿದ್ದ ಸೂಚನೆಗಳನ್ನು ಪಾಲಿಸಬೇಕೆಂದೂ ತೀರ್ಪು ವಿಧಿಸಿತು.

ಈ ತೀರ್ಪನ್ನು ಕಳ್ಳರಿಗೆ ಕೊಟ್ಟ ರಿಯಾಯಿತಿಯೆಂದು ಹಳಿಯುವವರೂ ಇರುವರು. ಅವರು ವಿಜ್ಞಾನೇಶ್ವರನನ್ನು ಒಮ್ಮೆ ಓದಬೇಕು. ಚಿಹ್ನೆಯಿಂದ ಶಂಕೆ, ಪ್ರಮಾಣದಿಂದ ನಿಶ್ಚಯ ಎಂಬ ಅವನ ವಿಭಾಗವೂ, ಪರೀಕ್ಷೆಯ ಫಲವು ಬೇರೆ, ಅದರಿಂದ ಪತ್ತೆಯಾದ ವಸ್ತುವು ಬೇರೆ ಎಂಬ ತೀರ್ಪಿನ ವಿಭಾಗವೂ ಒಂದೇ ಹಾದಿಯವ. ಕಲ್ಯಾಣದಲ್ಲಿ ಹೇಳಿದ ಮಾತು ಬಹುಕಾಲದ ಮೇಲೆ ದೆಹಲಿಯಲ್ಲಿ ಬೇರೆಯ ಭಾಷೆಯಲ್ಲಿ ಕೇಳಿಬಂತು.

೬

ಇಷ್ಟನ್ನು ತಿಳಿದುಕೊಂಡು ಸಂಕಮ್ಮನ ಕಡೆಗೆ ಹಿಂದಿರುಗಿದರೆ ಅವಳ ನಿರಾಕರಣೆಯು ಹಠವೆಂದು ತೋರುವುದಿಲ್ಲ. ಅವಳಿಂದ ನೀಲೇಗೌಡನು ಕೇಳಿದ್ದು ಸತ್ಯವನ್ನಲ್ಲ; ತನ್ನ ಶಂಕೆಗೆ ಒಂದು ಔಷಧವನ್ನು. ಶಂಕೆಗೆ ಆ ಔಷಧವು ನಾಟುವುದಿಲ್ಲ. ಭಾಷೆಯನ್ನು ಕೊಟ್ಟಿದ್ದರೆ, ಕೊಟ್ಟ ಭಾಷೆಯು ನಿಜವೋ ಸುಳ್ಳೋ ಎಂದು ಮತ್ತೊಂದು ಭಾಷೆಯು ಬೇಕಾಗುತ್ತಿತ್ತು. ನಂಬಬೇಕೆಂಬ ಮನಸ್ಸಿಲ್ಲದವನಿಗೆ ಮೌನವೂ ಸುಳ್ಳೇ, ಮಾತೂ ಸುಳ್ಳೇ, ನಡುಕವೂ ಸುಳ್ಳೇ. ಯಂತ್ರದ ಪರೀಕ್ಷಕನೂ ಕೆಲವೊಮ್ಮೆ ಹೀಗೆಯೇ ನಡೆದುಕೊಳ್ಳುವನು: ರೇಖೆಯು ಏರಿದರೆ ಅಪರಾಧದ ಅಳುಕು, ಏರದಿದ್ದರೆ ಅಪರಾಧಿಯು ಉಪಾಯವನ್ನು ಬಲ್ಲನೆಂಬ ಶಂಕೆ. ಸಂಕಮ್ಮನು ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡಾಗ ಈ ಕೊನೆಯಿಲ್ಲದ ಸರಪಣಿಯ ಮೊದಲ ಕೊಂಡಿಯನ್ನೇ ಕಳಚಿದಳು.

ಭಾಷೆಯನ್ನು ಕೊಡುವುದೇ ತಪ್ಪೆಂದು ಇದರ ಅರ್ಥವಲ್ಲ. ಕನ್ನಡದ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯೂ ಹುಲಿಗೆ ಭಾಷೆಯನ್ನು ಕೊಟ್ಟಿತು. ಆದರೆ ಅಲ್ಲಿ ಭಾಷೆಯು ಹಸುವಿನ ಹೃದಯದಿಂದ ಬಂದುದು. ಅದರ ನಿಜವು ಬೆಳಕಿಗೆ ಬಂದುದು ಕರುವಿಗೆ ಹಾಲೂಡಿಸಿ ಅದು ಗವಿಗೆ ಹಿಂದಿರುಗಿ ಬಂದಾಗ. ಹುಲಿಯು ಹಸುವಿನ ಕಣ್ಣನ್ನೋ ಉಸಿರನ್ನೋ ನೋಡಿ ತೀರ್ಪುಮಾಡಲಿಲ್ಲ. ಅದರ ನಡೆಯನ್ನು ನೋಡಿ ಮಾಡಿತು. ಯಳಂದೂರಿನ ಸಂಚಿ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರಚಿಸಿದ ಹದಿಬದೆಯ ಧರ್ಮದಲ್ಲಿಯೂ ಸತಿಯ ಧರ್ಮವು ದಿನದಿನದ ನಡತೆಯಾಗಿ ವರ್ಣಿತವಾಗಿದೆ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ಅಲ್ಲಿಯೇ ಎದುರಿಸಿ ಪ್ರಶ್ನಿಸುವಳು. ಯಳಂದೂರಿನ ಕವಯಿತ್ರಿಗೂ ಹನೂರಿನ ಬೆಟ್ಟದ ಹಾಡುಗಾರರಿಗೂ ವಿದ್ಯೆಯಲ್ಲಿಯೂ ಬಾಳಿನಲ್ಲಿಯೂ ಅಂತರವು ಬಹಳ. ಹೆಣ್ಣಿನ ಮಾನವು ಇನ್ನೊಬ್ಬರ ಶಂಕೆಯ ತಕ್ಕಡಿಯಲ್ಲಿ ತೂಗುವ ವಸ್ತುವಲ್ಲವೆಂಬ ಅರಿವಿನಲ್ಲಿ ಅವರು ಒಬ್ಬರಿಗೊಬ್ಬರು ಹತ್ತಿರವಾಗುವರು.

ಹಾಡಿನ ರಚನೆಯಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಸಂಕಮ್ಮನನ್ನು ಬಿಡಿಸಲು ಬಂದ ಮಾದೇಶ್ವರನು ನೀಲೇಗೌಡನು ಕೇಳಿದ ಪ್ರಶ್ನೆಗೆ ಉತ್ತರವನ್ನು ಪಡೆದುಕೊಂಡು ಬಂದವನಲ್ಲ. ಅವಳು ನೊಂದಿರುವಳೆಂಬುದೇ ಅವನಿಗೆ ಸಾಕಾಯಿತು. ನೋವನ್ನು ಕಂಡಾಗ ಮೊದಲು ಕಟ್ಟನ್ನು ಬಿಚ್ಚಬೇಕು, ವಿಚಾರಣೆಯು ಆಮೇಲೆ ಎಂಬ ಧರ್ಮವನ್ನು ಹಾಡು ಯಾರಿಗೂ ಉಪದೇಶಿಸದೆ ನಡೆಸಿ ತೋರಿಸಿದೆ. ಓದುಬರಹವಿಲ್ಲದವರ ಬಾಯಲ್ಲಿ ಬೆಳೆದ ಕಾವ್ಯವನ್ನು ಮುಗ್ಧವೆಂದು ಕರೆಯುವ ವಿಮರ್ಶಕರು ಇಲ್ಲಿ ಸ್ವಲ್ಪ ನಿಂತು ಯೋಚಿಸತಕ್ಕದ್ದಾಗಿದೆ.

ಸುಳ್ಳುಪತ್ತೆಯ ಪರೀಕ್ಷೆಯ ವಿಷಯವು ಪೊಲೀಸು ಠಾಣೆಗೂ ನ್ಯಾಯಾಲಯಕ್ಕೂ ಮಾತ್ರ ಸೇರಿದ್ದೆಂದು ವಿದ್ಯಾವಂತ ಮನೆತನದವರು ತಿಳಿಯಬಾರದು. ಮನೆಯಲ್ಲಿ ಒಡವೆಯೊಂದು ಕಾಣದಾದಾಗ ಕೆಲಸದವಳ ಮುಖವನ್ನೇ ಮೊದಲು ನೋಡುವುದೂ, ಶಾಲೆಯಲ್ಲಿ ಲೇಖನಿ ಕಳೆದಾಗ ತಲೆತಗ್ಗಿಸಿದ ಹುಡುಗನನ್ನೇ ಎಬ್ಬಿಸಿ ನಿಲ್ಲಿಸುವುದೂ ಇದೇ ಯಂತ್ರದ ಕೆಲಸ; ತಂತಿಯೊಂದೇ ಇಲ್ಲ. ಬಡವನ ಮುಖವು ಸಿರಿವಂತನ ಮುಂದೆ ಬೇಗನೆ ಬಾಡುವುದು. ಹುಡುಗನ ಹಣೆಯು ಬೆತ್ತದ ಮುಂದೆ ಬೇಗನೆ ಬೆವರುವುದು. ಬಾಡಿದ ಮುಖದಿಂದ ಬಡತನವನ್ನು ಅರಿಯಬಹುದು, ಬೆವರಿದ ಹಣೆಯಿಂದ ಬೆತ್ತವನ್ನು ಅರಿಯಬಹುದು. ಕಳವನ್ನು ಅರಿಯಬೇಕಾದರೆ ಕಳೆದ ವಸ್ತುವನ್ನೇ ಹುಡುಕಬೇಕು. ನಿರಪರಾಧಿಯು ಏಕೆ ಹೆದರಬೇಕೆಂಬ ಪ್ರಶ್ನೆಯು ನಾಲಗೆಯ ತುದಿಗೆ ಬಂದಾಗಲೆಲ್ಲ, ಜೇನಿಗೆ ಹೊರಟ ಗಂಡನ ಮುಂದೆ ಬಲಗೈಯನ್ನು ನೀಡದೆ ನಿಂತ ಸಂಕಮ್ಮನನ್ನು ನೆನೆಯುವುದು ಒಳ್ಳೆಯದು.